ಡಚ್ ಚಿತ್ರಗಳ ಮನೆಯಲ್ಲಿ ಬದುಕಿದ್ದವರು ಯಾರು, ದುಡ್ಡು ಕೊಟ್ಟವರು ಯಾರು?

ಕಿಟಕಿಪಕ್ಕದವ:

ನಾನಿರುವುದು ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಊರಿಂದ ಯಾರೇ ಬಂದರೂ ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂ ತೋರಿಸುವ ಕೆಲಸ ನನ್ನ ತಲೆಗೇ ಬೀಳುತ್ತದೆ. ರೆಂಬ್ರಾಂಟ್‌ನ ಗೋಡೆಯಗಲದ ಚಿತ್ರದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮಾತು ಶುರುವಾಗುವುದು ಸಣ್ಣ ಚಿತ್ರಗಳ ಮುಂದೆ. ವರ್ಮೀರ್‌ನ ಹಾಲು ಸುರಿಯುವ ಹೆಂಗಸು. ಪೀಟರ್ ಡಿ ಹೂಖ್‌ನ ಚಿತ್ರದಲ್ಲಿ ಮಗುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೇನು ಹೆಕ್ಕುವ ತಾಯಿ. ಅವಳ ಹಿಂದೆ ಗೋಡೆಯೊಳಗೇ ಕಟ್ಟಿದ ಮಂಚ, ಮುಂದೆ ಮಗು ಕಕ್ಕಸಿಗೆ ಕೂರುವ ಕುರ್ಚಿ. ಇದನ್ನು ನೋಡಿ ನಮ್ಮತ್ತೆಯೇ ನಕ್ಕುಬಿಟ್ಟರು. "ಇದನ್ನೂ ಚಿತ್ರ ಬರೀತಾರಾ?" ಅಂದರು.

ಪ್ರಶ್ನೆ ಅದೇ. 17ನೇ ಶತಮಾನದ ನಡುವೆ ಇದನ್ನೆಲ್ಲ ಯಾಕೆ ಬರೆದರು? ಇವು ಆಗಿನ ಡಚ್ಚರ ನಿಜವಾದ ಮನೆಗಳಾ? ಅಥವಾ "ಹೀಗೆ ಬಾಳಿ, ಹಾಗೆ ಬಾಳಬೇಡಿ" ಅಂತ ಹೇಳುವ ಪಾಠವಾ? ಮ್ಯೂಸಿಯಂ ಗೋಡೆಯ ಬರಹ ಒಂದು ಕಡೆ ನೀತಿಪಾಠ ಅನ್ನುತ್ತದೆ, ಇನ್ನೊಂದು ಕಡೆ ದಿನನಿತ್ಯದ ಬದುಕು ಅನ್ನುತ್ತದೆ. ನನಗೆ ಎರಡೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಇವನ್ನು ದುಡ್ಡು ಕೊಟ್ಟು ಕೊಂಡವರು ತಮ್ಮ ಮನೆಯನ್ನು ಹೇಗೆ ನೋಡಬೇಕು ಅಂತ ಬಯಸಿದ್ದರೋ ಹಾಗೆ ಬರೆದದ್ದು ಅಂತ ನನ್ನ ಲೆಕ್ಕ. ಬೇರೆಯವರು ಏನಂತೀರಿ?

ಕುಂಚದಕಡ್ಡಿ:

ಒಳ್ಳೆಯ ಪ್ರಶ್ನೆ. ಮೊದಲು ಮಾರುಕಟ್ಟೆ ನೋಡೋಣ.

ಬೇರೆ ದೇಶಗಳಲ್ಲಿ ಚಿತ್ರಕಾರನಿಗೆ ಅನ್ನ ಹಾಕುತ್ತಿದ್ದದ್ದು ಚರ್ಚು ಮತ್ತು ಅರಮನೆ. ಡಚ್ ಗಣರಾಜ್ಯದಲ್ಲಿ, ಅಂದರೆ ಆಗಿನ ನೆದರ್ಲೆಂಡ್ಸ್‌ನಲ್ಲಿ, ಎರಡೂ ಕೈಕೊಟ್ಟವು. ಕ್ಯಾಲ್ವಿನ್ ಪಂಥದ ಪ್ರಾಟೆಸ್ಟೆಂಟರು ಚರ್ಚಿನ ಗೋಡೆಗಳಿಗೆ ಸುಣ್ಣ ಬಳಿದು ಬಿಳಿ ಮಾಡಿದರು. ಅಲ್ಲಿ ಸಂತರ ಚಿತ್ರಕ್ಕೆ ಜಾಗ ಇಲ್ಲ. ರಾಜ ಅಂತ ಯಾರೂ ಇರಲಿಲ್ಲ. ಉಳಿದದ್ದು ಊರಿನ ಜನ. ವ್ಯಾಪಾರಿ, ಬೀರು ಮಾಡುವವನು, ನೋಟರಿ, ಬೇಕರಿಯವನು. ಅವರ ಮನೆ ಗೋಡೆಗೆ ಹಿಡಿಸುವ ಅಳತೆಯ, ಅವರಿಗೆ ಅರ್ಥವಾಗುವ ವಿಷಯದ ಚಿತ್ರ ಬೇಕಿತ್ತು. ಚಿತ್ರಕಾರರು ಯಾರೂ ಹೇಳದಿದ್ದರೂ ಬರೆದಿಟ್ಟು ಸಂತೆಯಲ್ಲಿ, ಅಂಗಡಿಯಲ್ಲಿ, ಲಾಟರಿಯಲ್ಲಿ ಮಾರಿದರು. ಹೀಗಾಗಿ ಒಬ್ಬೊಬ್ಬರೂ ಒಂದೊಂದು ಬಗೆ ಹಿಡಿದರು. ಒಬ್ಬ ಹೂವು, ಒಬ್ಬ ಹಡಗು, ಒಬ್ಬ ಹಸು, ಒಬ್ಬ ಹೆಂಡದಂಗಡಿ.

ಹಾಗಂತ ಎಲ್ಲವೂ ಅಗ್ಗ ಅಂದುಕೊಳ್ಳಬೇಡಿ. ಕೆಲವು ಗಿಲ್ಡರ್‌ಗೆ (ಆಗಿನ ಡಚ್ ನಾಣ್ಯ) ಸಿಗುವ ಚಿತ್ರವೂ ಇತ್ತು, ಗೆರಿಟ್ ಡೌ ಕೂಡ ಇದ್ದ. ಲೈಡನ್ ಊರಿನವನು, ರೆಂಬ್ರಾಂಟ್‌ನ ಮೊದಲ ಶಿಷ್ಯ. ಇವನು ಬರೆಯುವ ಚಿತ್ರವನ್ನು ಮೊದಲು ತನಗೇ ತೋರಿಸಬೇಕು ಅನ್ನುವ ಒಂದೇ ಹಕ್ಕಿಗೆ ಪೀಟರ್ ಸ್ಪೀರಿಂಗ್ ಅನ್ನುವವನು ವರ್ಷಕ್ಕೆ 500 ಗಿಲ್ಡರ್ ಕೊಡುತ್ತಿದ್ದ. ಒಬ್ಬ ಕಸುಬುದಾರನ ವರ್ಷದ ದುಡಿಮೆಗಿಂತ ಜಾಸ್ತಿ ಅದು. ಚಿತ್ರದ ಬೆಲೆ ಬೇರೆ! ಒಂದು ಪೊರಕೆ ಹಿಡಿಯನ್ನು ಬರೆಯಲು ದಿನಗಟ್ಟಲೆ ಕೂರುತ್ತಿದ್ದ ಮನುಷ್ಯ ಈ ಡೌ. ಬಡವರ ಮನೆಯ ಪೊರಕೆ, ಸಾಹುಕಾರರ ದುಡ್ಡು.

ದಫ್ತರದಹುಳು:

ಬೇಕರಿಯವರ ಗೋಡೆಯಲ್ಲೂ ಚಿತ್ರ ಇತ್ತು ಅನ್ನೋದಕ್ಕೆ ಕಣ್ಣಾರೆ ಕಂಡವರ ಬರಹ ಇದೆ. ಪೀಟರ್ ಮಂಡಿ ಅನ್ನುವ ಇಂಗ್ಲಿಷ್ ಪ್ರವಾಸಿ 1640ರಲ್ಲಿ ಆಮ್‌ಸ್ಟರ್‌ಡಾಮ್‌ಗೆ ಬಂದ. ಕಟುಕರ ಅಂಗಡಿ, ಬೇಕರಿ, ಕಮ್ಮಾರನ ಕುಲುಮೆ, ಚಮ್ಮಾರನ ಮಳಿಗೆ, ಎಲ್ಲಿ ನೋಡಿದರೂ ಒಂದಲ್ಲ ಒಂದು ಚಿತ್ರ ತೂಗಾಡುತ್ತದೆ ಅಂತ ಬೆರಗಾಗಿ ಬರೆದ. ಡಚ್ ಕಲೆಯ ಬಗ್ಗೆ ಬರೆಯುವವರೆಲ್ಲ ಅವನ ಈ ಮಾತನ್ನು ತೆಗೆದುಕೊಳ್ಳುತ್ತಾರೆ.

ನಮಗೆ ಮಜಾ ಅನ್ನಿಸುವ ಸಂಗತಿ ಇನ್ನೊಂದಿದೆ. ಇದೇ ಮಂಡಿ 1637ರಲ್ಲಿ ಇಂಗ್ಲಿಷ್ ಹಡಗುಗಳ ಜೊತೆ ನಮ್ಮ ಭಟ್ಕಳಕ್ಕೆ ಬಂದಿಳಿದಿದ್ದ. ಆಗ ಅದು ಇಕ್ಕೇರಿ, ಅಂದರೆ ಕೆಳದಿ, ನಾಯಕರ ಸೀಮೆ. ಅವರು ಬಂದದ್ದು ಕಾಳುಮೆಣಸಿನ ವ್ಯಾಪಾರ ಕುದುರಿಸಲು. ಭಟ್ಕಳ ನೋಡಿ ಮೂರು ವರ್ಷಕ್ಕೆ ಆಮ್‌ಸ್ಟರ್‌ಡಾಮ್ ನೋಡಿದ ಕಣ್ಣು ಅದು.

ಸುಮ್ನೆಬಂದೆ:

ಮಾರುಕಟ್ಟೆ ಕಥೆ ಸರಿ. ಆದರೆ ಈ ನೀತಿಪಾಠದ ವಿಷಯ ನನಗೆ ಯಾವತ್ತೂ ಅನುಮಾನ. ಕಲಾ ಪಂಡಿತರು ಸಿಂಪಿಯ ಚಿಪ್ಪು ಕಂಡರೆ ಕಾಮ ಅಂತಾರೆ, ನಾಯಿ ಕಂಡರೂ ಕಾಮ ಅಂತಾರೆ, ಖಾಲಿ ಪಂಜರ ಕಂಡರೆ ಕೆಟ್ಟುಹೋದ ಹುಡುಗಿ ಅಂತಾರೆ. ನಾಯಿ ಸುಮ್ನೆ ನಾಯಿ ಆಗಿರಬಾರದಾ?

ಕುಂಚದಕಡ್ಡಿ:

ಈ ಜಗಳ ಪಂಡಿತರಲ್ಲೂ ನಡೆದಿದೆ. 1976ರಲ್ಲಿ ರೈಕ್ಸ್ ಮ್ಯೂಸಿಯಂನಲ್ಲಿ ಎಡ್ಡಿ ಡಿ ಯೋಂಗ್ ಅನ್ನುವ ವಿದ್ವಾಂಸ ಒಂದು ದೊಡ್ಡ ಪ್ರದರ್ಶನ ಮಾಡಿದ. ಆಗಿನ ಕಾಲದಲ್ಲಿ ಒಂದು ಚಿತ್ರ, ಕೆಳಗೆ ಒಂದು ಗಾದೆ, ಅದರ ಕೆಳಗೆ ನಾಲ್ಕು ಸಾಲು ಪದ್ಯ ಇರುವ ಪುಸ್ತಕಗಳು ಮನೆಮನೆಯಲ್ಲಿ ಇದ್ದವು. ಆ ಪುಸ್ತಕಗಳ ಪಕ್ಕದಲ್ಲಿಟ್ಟು ಚಿತ್ರಗಳನ್ನು ಓದಿದರೆ ಎಲ್ಲದಕ್ಕೂ ಒಳಗೊಂದು ಅರ್ಥ ಇದೆ ಅಂತ ತೋರಿಸಿದ. 1983ರಲ್ಲಿ ಸ್ವೆಟ್ಲಾನಾ ಆಲ್ಪರ್ಸ್ ಇದಕ್ಕೆ ಎದುರು ನಿಂತರು. ಡಚ್ಚರಿಗೆ ಕಂಡದ್ದನ್ನು ಕಂಡ ಹಾಗೆ ದಾಖಲಿಸುವ ಹುಚ್ಚು. ಲೆನ್ಸು, ನಕ್ಷೆ, ಅಳತೆಗಳ ಕಾಲ ಅದು. ಚಿತ್ರದ ಮೇಲ್ಮೈಯಲ್ಲೇ ಎಲ್ಲ ಇದೆ, ಒಳಗೆ ಅಗೆಯಬೇಡಿ ಅಂದರು.

ನಿಮ್ಮ ನಾಯಿಯ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಚಿತ್ರಕಾರ ಯಾರು ಅನ್ನೋದು ನೋಡಬೇಕು. ಯಾನ್ ಸ್ಟೇನ್ ಆದರೆ ನಾಯಿ ಸುಮ್ನೆ ನಾಯಿ ಅಲ್ಲ. ಅವನೇ ಬರೆದು ಹೇಳುತ್ತಾನೆ.

ವಿಯೆನ್ನಾದಲ್ಲಿರುವ ಅವನ 1663ರ ಚಿತ್ರ ದೊಡ್ಡದು ಮಾಡಿ ನೋಡಿ. ಎಡಗಡೆ ಮನೆಯೊಡತಿ ಮೇಜಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದಾಳೆ. ಅವಳ ನಿದ್ದೆಯೊಂದು ಸಾಕು, ಮನೆ ಪೂರ್ತಿ ಕೈತಪ್ಪಿದೆ. ಮೇಜಿನ ಮೇಲೆ ನಾಯಿ ಹತ್ತಿ ಪೈ ತಿನ್ನುತ್ತಿದೆ. ಪುಟ್ಟ ಹುಡುಗ ಹೊಗೆಸೊಪ್ಪಿನ ಪೈಪಿಗೆ ಬಾಯಿ ಹಾಕಿದ್ದಾನೆ. ಹುಡುಗಿ ಗೋಡೆ ಕಪಾಟಿಗೆ ಕೈ ಹಾಕಿದ್ದಾಳೆ. ಎತ್ತರದ ಕುರ್ಚಿಯಲ್ಲಿ ಕೂತ ಕೂಸಿನ ಕೈಯಲ್ಲಿ ಮುತ್ತಿನ ಸರ. ನಡುವೆ ಮಿರಿಮಿರಿ ರೇಷ್ಮೆ ಉಟ್ಟ ಹೆಂಗಸು ವೈನ್ ಲೋಟ ಹಿಡಿದು ನೇರ ನಮ್ಮನ್ನೇ ನೋಡುತ್ತಾಳೆ. ಪಕ್ಕದ ಗಂಡಸು ಅವಳ ತೊಡೆಯ ಮೇಲೆ ಕಾಲು ಚಾಚಿದ್ದಾನೆ. ಹಂದಿ ಮನೆಯೊಳಗೇ ಬಂದಿದೆ. ಕೋತಿ ಗಡಿಯಾರಕ್ಕೆ ಕೈ ಹಾಕಿದೆ, ಅಂದರೆ ಹೊತ್ತು ಕೂಡ ಈ ಮನೆಯಲ್ಲಿ ಸರಿಯಾಗಿ ಓಡುವುದಿಲ್ಲ.

ಈಗ ಕಣ್ಣು ಮೇಲೆ ಎತ್ತಿ. ಎಲ್ಲರ ತಲೆಯ ಮೇಲೆ ಸೂರಿನಿಂದ ಒಂದು ಬುಟ್ಟಿ ತೂಗುತ್ತಿದೆ. ಅದರಲ್ಲಿ ಊರುಗೋಲು, ಕುಷ್ಠರೋಗಿಗಳು ಬಡಿಯುತ್ತಾ ಹೋಗುವ ಮರದ ತಾಳ, ಬೆತ್ತ. ಮುಂದೆ ಬರಲಿರುವ ಭಿಕ್ಷೆ, ರೋಗ, ಶಿಕ್ಷೆ ಎಲ್ಲ ಅಲ್ಲೇ ಕಾದು ಕೂತಿವೆ. ಕೆಳಗೆ ಬಲಮೂಲೆಯಲ್ಲಿ ಒಂದು ಸ್ಲೇಟು ಬೇರೆ. ಸುಖದಲ್ಲಿದ್ದಾಗ ಎಚ್ಚರ ಅನ್ನುವ ಗಾದೆ ಅದರ ಮೇಲೆ. ಇದಕ್ಕಿಂತ ಬಿಡಿಸಿ ಹೇಳೋಕೆ ಆಗುತ್ತಾ?

ಸುಮ್ನೆಬಂದೆ:

ಈಗಷ್ಟೇ ನೋಡಿದೆ. ಒಪ್ಪಿದೆ, ಸ್ಲೇಟು ಇದೆ. ಆದರೆ ಇಷ್ಟು ನೀತಿ ಹೇಳುವವನು ಇಷ್ಟು ಖುಷಿಯಾಗಿ ಯಾಕೆ ಬರೆದ? ನಡುವಿನ ಹೆಂಗಸಿನ ಮುಖದಲ್ಲಿ ಪಶ್ಚಾತ್ತಾಪ ಹುಡುಕಿದರೂ ಸಿಗಲ್ಲ. ಇದನ್ನು ಊಟದ ಮನೆಯಲ್ಲಿ ಹಾಕಿಕೊಂಡವನು ಬುದ್ಧಿ ಕಲಿಯೋಕೆ ಹಾಕಿಕೊಂಡಿರಲ್ಲ. ನೆಂಟರು ಬಂದಾಗ ತೋರಿಸಿ ನಗೋಕೆ ಹಾಕಿಕೊಂಡಿರುತ್ತಾನೆ.

ಕಿಟಕಿಪಕ್ಕದವ:

ಅದೇ ನೋಡಿ, ಸ್ಟೇನ್ ನಗುತ್ತಲೇ ಬೈಯುವ ಜಾತಿ. ಮೇಲೆ ನಿಂತು ಬೈಯುವವನಲ್ಲ, ತಾನೂ ಆ ಗುಂಪಿನಲ್ಲಿ ಕೂತು ಬೈಯುವವನು. ಹೇಗ್ ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಅವನದೊಂದು ದೊಡ್ಡ ಚಿತ್ರ ಇದೆ. ದೊಡ್ಡವರು ಹಾಡಿದಂತೆ ಮಕ್ಕಳು ಊದುತ್ತಾರೆ ಅನ್ನುವ ಗಾದೆಯ ಮೇಲೆ ಬರೆದದ್ದು. ಅಜ್ಜಿ ಹಾಳೆ ಹಿಡಿದು ಹಾಡುತ್ತಿದ್ದಾಳೆ. ಒಬ್ಬಳ ಲೋಟಕ್ಕೆ ಮೇಲಿನಿಂದ ವೈನ್ ಸುರಿಯುತ್ತಿದ್ದಾರೆ. ಕೇಳಿದ್ದನ್ನೇ ಒಪ್ಪಿಸುವ ಗಿಳಿ ಒಂದು ಕಡೆ ಕೂತಿದೆ. ಬಲಗಡೆ ಒಬ್ಬ ಅಪ್ಪ ಹಲ್ಲು ಕಿರಿಯುತ್ತಾ ಮಗನ ಬಾಯಿಗೆ ಪೈಪ್ ಹಿಡಿದಿದ್ದಾನೆ. ಆ ಅಪ್ಪನ ಮುಖ ಸ್ಟೇನ್‌ನದೇ.

ಅವನು ಬೀರು ಮಾಡುವವನ ಮಗ. ಡೆಲ್ಫ್ಟ್‌ನಲ್ಲಿ ಸ್ವಲ್ಪ ಕಾಲ ಬೀರು ಕಾರ್ಖಾನೆ ನಡೆಸಿದ, ಕೊನೆಗಾಲದಲ್ಲಿ ಲೈಡನ್‌ನಲ್ಲಿ ಹೆಂಡದಂಗಡಿಯನ್ನೂ ಇಟ್ಟ. ಹಾಗಾಗಿ ಅವನು ಸತ್ತ ಮೇಲೆ ಜೀವನಚರಿತ್ರೆ ಬರೆದವರು ಕುಡುಕ ಅಂತ ಕಥೆ ಕಟ್ಟಿದರು. 300ಕ್ಕೂ ಹೆಚ್ಚು ಚಿತ್ರ ಬಿಟ್ಟುಹೋದವನು ದಿನಾ ಕುಡಿದು ಬಿದ್ದಿರುತ್ತಿದ್ದ ಅಂದರೆ ನಾನಂತೂ ನಂಬಲ್ಲ. ಆದರೂ ಇವತ್ತಿಗೂ ಇಲ್ಲಿ ಮನೆ ಹರಡಿಕೊಂಡು ಗಲೀಜಾಗಿದ್ದರೆ "ಯಾನ್ ಸ್ಟೇನ್ ಸಂಸಾರ" ಅಂತಾರೆ. ನನ್ನ ಆಫೀಸಿನಲ್ಲೇ ಕೇಳಿದ್ದೇನೆ.

ಮುಸುರೆಪಾತ್ರೆ:

ಇಲ್ಲಿವರೆಗೂ ಓದಿದೆ. ಎಲ್ಲ ಚೆನ್ನಾಗಿದೆ. ಒಂದು ವಿಷಯ ಯಾರೂ ಎತ್ತಿಲ್ಲ. ಈ ಮನೆಗಳಲ್ಲಿ ತಪ್ಪು ಯಾವಾಗಲೂ ಯಾರದು? ಹೆಂಗಸಿನದು. ಒಡತಿ ನಿದ್ದೆ ಹೋದರೆ ಮನೆ ಹಾಳು. ಅಲ್ಲೇ ತೊಡೆ ಮೇಲೆ ಕಾಲು ಚಾಚಿದ ಗಂಡಸಿನಿಂದ ಹಾಳಾಗಲಿಲ್ಲವಂತೆ!

ಇದಕ್ಕೆ ಪಠ್ಯಪುಸ್ತಕವೇ ಇತ್ತು. ಯಾಕೋಬ್ ಕಾಟ್ಸ್ ಅನ್ನುವ ಕವಿ, ದೊಡ್ಡ ರಾಜಕಾರಣಿ ಕೂಡ, 1625ರಲ್ಲಿ ಮದುವೆಯ ಬಗ್ಗೆ ಒಂದು ಹೊತ್ತಿಗೆ ಬರೆದ. ಹುಡುಗಿ, ಪ್ರೇಯಸಿ, ಮದುಮಗಳು, ಹೆಂಡತಿ, ತಾಯಿ, ವಿಧವೆ. ಹೆಣ್ಣಿನ ಬದುಕನ್ನು ಹೀಗೆ ಆರು ಕಂತು ಮಾಡಿ ಒಂದೊಂದಕ್ಕೂ ಏನು ಮಾಡಬೇಕು ಅಂತ ಪದ್ಯದಲ್ಲಿ ಹೇಳಿದ. ಗಂಡ ಹೊರಗೆ ವ್ಯಾಪಾರ ನೋಡಬೇಕು, ಹೆಂಡತಿ ಒಳಗೆ ಮನೆ ನೋಡಬೇಕು. ಡಿ ಹೂಖ್ ಬರೆದ ಮಡಿಸಿದ ಬಟ್ಟೆ, ತೊಳೆದ ಅಂಗಳ, ಹೇನು ಹೆಕ್ಕುವ ತಾಯಿ ಎಲ್ಲ ಆ ಪುಸ್ತಕಕ್ಕೆ ಬಣ್ಣ ಹಚ್ಚಿದ ಹಾಗೇ ಇವೆ. ತಲೆ ಬಾಚುವುದು ಅಂದರೆ ಮನಸ್ಸು ಶುಚಿ ಮಾಡುವುದು ಅಂತಲೂ ಅರ್ಥ ಕೊಡುತ್ತಿದ್ದರು.

ಮನೆಕೆಲಸದವಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ನಿಕೊಲಾಸ್ ಮಾಸ್ 1655ರಲ್ಲಿ ಬರೆದ ಸೋಮಾರಿ ಕೆಲಸದವಳ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹುಡುಗಿ ಕೆನ್ನೆಗೆ ಕೈಯಿಟ್ಟು ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಅವಳ ಮುಂದೆ ನೆಲದ ಮೇಲೆ ಮುಸುರೆ ಪಾತ್ರೆಗಳು ಬಿದ್ದಿವೆ. ಹಿಂದೆ ಬೆಕ್ಕು ಗರಿ ಕಿತ್ತಿಟ್ಟ ಕೋಳಿಯನ್ನು ಎಳೆಯುತ್ತಿದೆ. ಪಕ್ಕದಲ್ಲಿ ಒಡತಿ ನಿಂತು ನಮ್ಮ ಕಡೆ ನೋಡಿ ನಗುತ್ತಾ ಅವಳತ್ತ ಕೈ ತೋರಿಸುತ್ತಾಳೆ. "ನೋಡಿ ಇವಳನ್ನ" ಅಂದ ಹಾಗೆ. ಯಾರಿಗೆ ತೋರಿಸುತ್ತಿದ್ದಾಳೆ? ತನ್ನಂಥ ಇನ್ನೊಬ್ಬ ಒಡತಿಗೆ. ಆ ಹುಡುಗಿ ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದಿದ್ದಳು ಅನ್ನೋದು ಚಿತ್ರದಲ್ಲಿ ಇಲ್ಲ.

ಕಿಟಕಿಪಕ್ಕದವರ ಮಾತು ಇಲ್ಲಿಗೆ ಸರಿಯಾಗಿ ಕೂರುತ್ತದೆ. ದುಡ್ಡು ಕೊಡುವವರು ಒಡೆಯರು, ಅವರಿಗಿದ್ದ ದೊಡ್ಡ ತಲೆನೋವು ಮನೆಕೆಲಸದವರು. ಚಿತ್ರಕಾರ ಆ ತಲೆನೋವನ್ನೇ ಮಾರಿದ. ಮಾಸ್ ಬರೆದ, ಮೆಟ್ಟಿಲ ಹತ್ತಿರ ಬಾಯಿ ಮೇಲೆ ಬೆರಳಿಟ್ಟು ಕದ್ದು ಕೇಳುವ ಒಡತಿಯ ಚಿತ್ರ ಎಷ್ಟು ಓಡಿತೆಂದರೆ, ಅದನ್ನೇ ಬೇರೆ ಬೇರೆ ಥರ ಹಲವು ಸಲ ಬರೆದ. ಕೆಳಗೆ ಕೆಲಸದವಳು ಪ್ರಿಯಕರನ ಜೊತೆ, ಮೇಲೆ ಒಡತಿಯ ನಗು.

ಕುಂಚದಕಡ್ಡಿ:

ಆ ನಗುವಿನ ಬಗ್ಗೆ ಒಂದು ತಕರಾರು. ಅವಳು ಸಿಟ್ಟಾಗಿಲ್ಲ ಅಲ್ವಾ? ಇದೇ ಕಾಲದ ಪುಸ್ತಕಗಳು ಕೆಲಸದವರನ್ನು ಕಳ್ಳಿ, ಸುಳ್ಳಿ ಅಂತ ಹೀನಾಯವಾಗಿ ಬೈಯುತ್ತಿದ್ದವು. ಮಾಸ್‌ನ ಒಡತಿ ಅಷ್ಟು ಕೆಟ್ಟವಳಲ್ಲ. ತಪ್ಪು ಕಂಡೂ ನಗುವವಳು.

ಮುಸುರೆಪಾತ್ರೆ:

ಸಂಬಳ ಹಿಡಿಯುವಾಗಲೂ ನಗುತ್ತಿದ್ದಳೇನೋ.

ದಫ್ತರದಹುಳು:

ಇವು ನಿಜವಾದ ಮನೆಗಳಾ ಅನ್ನೋ ಮೊದಲ ಪ್ರಶ್ನೆಗೆ ಕಾಗದಪತ್ರದಲ್ಲೇ ಉತ್ತರ ಸಿಗುತ್ತದೆ. ಆಗ ಯಾರಾದರೂ ಸತ್ತರೆ, ದಿವಾಳಿಯಾದರೆ, ನೋಟರಿ ಬಂದು ಮನೆಯ ಒಂದೊಂದು ಕೋಣೆಯ ಒಂದೊಂದು ವಸ್ತುವನ್ನೂ ಬರೆದುಕೊಳ್ಳುತ್ತಿದ್ದ. ವಿಲ್ಲೆಮೈನ್ ಫಾಕ್ ಅನ್ನುವ ವಿದುಷಿ ಇಂಥ ಪಟ್ಟಿಗಳನ್ನೂ ಚಿತ್ರಗಳನ್ನೂ ತಾಳೆ ಹಾಕಿದರು. ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಕಪ್ಪುಬಿಳುಪು ಅಮೃತಶಿಲೆಯ ನೆಲ, ಹಿತ್ತಾಳೆಯ ದೊಡ್ಡ ತೂಗುದೀಪ. ನಿಜವಾದ ಮನೆಗಳಲ್ಲಿ ಅಮೃತಶಿಲೆ ಅಪರೂಪ. ವಾಸದ ಕೋಣೆಗೆ ಹಲಗೆ ನೆಲವೇ ಹೆಚ್ಚು. ತೂಗುದೀಪವಂತೂ ಪಟ್ಟಿಗಳಲ್ಲಿ ಕಾಣುವುದೇ ಕಷ್ಟ. ಚೌಕ ಚೌಕದ ನೆಲ ಬರೆದರೆ ಆಳ ತೋರಿಸೋದು ಸುಲಭ, ಕೋಣೆಯೂ ಸಾಹುಕಾರರದು ಅನ್ನಿಸುತ್ತದೆ. ಈ ಚಿತ್ರ ನೋಡಿ ಡಚ್ಚರ ಮನೆ ಹೀಗಿತ್ತು ಅನ್ನೋದು, ಮದುವೆ ಆಲ್ಬಮ್ ನೋಡಿ ಈ ಮನೆಯವರು ದಿನಾ ಹೀಗೇ ಉಡುತ್ತಾರೆ ಅಂದುಕೊಂಡ ಹಾಗೆ.

ಇನ್ನು ಗಂಡ-ಹೆಂಡತಿ, ಕೆಲಸದವಳ ವಿಷಯ. ವರ್ಮೀರ್ ಇದ್ದದ್ದು ಡೆಲ್ಫ್ಟ್‌ನಲ್ಲಿ, ಅತ್ತೆ ಮರಿಯಾ ಥಿನ್ಸ್ ಮನೆಯಲ್ಲಿ. ಅವನ ಚಿತ್ರದ ಕೋಣೆಗಳಲ್ಲಿ ಒಂದು ಪಿಸುಮಾತೂ ಕೇಳಿಸದಂಥ ಶಾಂತಿ. 1666ರ ನೋಟರಿ ದಾಖಲೆ ಬೇರೆಯೇ ಹೇಳುತ್ತದೆ. ಅವನ ಭಾವಮೈದುನ ವಿಲ್ಲೆಮ್ ಬೋಲ್ನೆಸ್ ಮನೆಗೆ ಬಂದು ರಂಪ ಮಾಡುತ್ತಿದ್ದ, ತಾಯಿಯನ್ನೇ ಬೈಯುತ್ತಿದ್ದ. ದಿನ ತುಂಬಿದ ಬಸುರಿ ಕ್ಯಾಥರಿನಾ, ಅಂದರೆ ವರ್ಮೀರ್‌ನ ಹೆಂಡತಿಯನ್ನು, ತುದಿಗೆ ಕಬ್ಬಿಣದ ಮೊಳೆ ಇದ್ದ ಕೋಲಿನಿಂದ ತಿವಿಯಲು ಹೋಗಿದ್ದ. ತಡೆದವಳು ಮನೆಕೆಲಸದ ಟಾನೆಕೆ ಎವರ್‌ಪೂಲ್. ಸಾಕ್ಷಿ ಹೇಳಿದವರಲ್ಲಿ ಅವಳೂ ಒಬ್ಬಳು. ಅವಳ ಹೆಸರು ನಮಗೆ ಗೊತ್ತಿರುವುದು ಆ ಸಾಕ್ಷಿಯಿಂದ. ಇಂಥ ಜಗಳ ವರ್ಮೀರ್‌ನ ಒಂದು ಚಿತ್ರದಲ್ಲೂ ಇಲ್ಲ. ಹನ್ನೊಂದು ಮಕ್ಕಳು ಬದುಕಿ ಉಳಿದ ಮನೆಯಲ್ಲಿ ಕೋಣೆಯೊಳಗೆ ಒಂದು ಮಗುವನ್ನೂ ಅವನು ಬರೆಯಲಿಲ್ಲ!

ಕಿಟಕಿಪಕ್ಕದವ:

ಟಾನೆಕೆ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಲಿನವಳು ಅವಳೇ ಇರಬಹುದು ಅಂತ ಕೆಲವರು ಊಹಿಸುತ್ತಾರೆ, ಆಧಾರ ಏನೂ ಇಲ್ಲ.

ಆದರೆ ಮುಸುರೆಪಾತ್ರೆ ಅವರೇ, ಕೆಲಸದವಳನ್ನು ಗೇಲಿ ಮಾಡದೆ ಬರೆದ ಚಿತ್ರ ಅದೊಂದಿದೆ ನೋಡಿ. ಹತ್ತಿರ ಹೋದರೆ ಮುಂಗೈ ಬಣ್ಣ ಬೇರೆ, ಮೇಲಿನ ತೋಳಿನ ಬಣ್ಣ ಬೇರೆ. ಬಿಸಿಲಿಗೆ, ನೀರಿಗೆ ಒಡ್ಡಿಕೊಂಡ ಕೈ ಅದು. ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳನ್ನು ಕೂಡ ಬಿಡದೆ ಬರೆದಿದ್ದಾನೆ. ಒಂದು ಮೊಳೆ ಇನ್ನೂ ಅಲ್ಲೇ ಇದೆ, ಅದರ ನೆರಳೂ ಇದೆ. ಮೇಜಿನ ಮೇಲೆ ತುಂಡು ಮಾಡಿದ ಬ್ರೆಡ್ಡು. ಒಣಗಿದ ಬ್ರೆಡ್ಡಿಗೆ ಹಾಲು ಹಾಕಿ ಕಾಯಿಸಿ ಏನೋ ಮಾಡುತ್ತಿದ್ದಾಳೆ, ಚೂರೂ ದಂಡ ಮಾಡುವವಳಲ್ಲ ಅಂತ ಓದುವವರಿದ್ದಾರೆ.

2022ರಲ್ಲಿ ಮ್ಯೂಸಿಯಂನವರು ಸ್ಕ್ಯಾನ್ ಮಾಡಿದಾಗ ಬಣ್ಣದ ಅಡಿಯಲ್ಲಿ ಎರಡು ವಸ್ತು ಕಂಡವು. ಅವಳ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆ, ಕೆಳಗೆ ಬಲಗಡೆ ಕೂಸಿನ ಬಟ್ಟೆ ಒಣಗಿಸಲು ಬಳಸುವಂಥ ಬೆತ್ತದ ಬುಟ್ಟಿ. ಎರಡನ್ನೂ ವರ್ಮೀರ್ ಅಳಿಸಿ ಖಾಲಿ ಗೋಡೆ ಮಾಡಿದ. ಬುಟ್ಟಿ ಇದ್ದ ಕಡೆ ಈಗ ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆ ಇದೆ. ನಿಜವಾದ ಅಡುಗೆಮನೆಯಿಂದ ಅರ್ಧ ಸಾಮಾನು ತೆಗೆದಿಟ್ಟು ಮಾಡಿದ ಶಾಂತಿ ಅದು.

ಪೆಟ್ಟಿಗೆಯ ಹಿಂದೆ ಗೋಡೆಯ ಬುಡದ ಡೆಲ್ಫ್ಟ್ ಹೆಂಚಿನಲ್ಲಿ ಒಬ್ಬ ಪುಟ್ಟ ಮನ್ಮಥನೂ ಇದ್ದಾನೆ. ಹಾಗಾಗಿ ಇದರಲ್ಲೂ ಪ್ರೇಮ ಹುಡುಕುವವರು ಹುಡುಕುತ್ತಾರೆ. ನನಗಂತೂ ಕೆಲಸ ಮಾತ್ರ ಕಾಣುತ್ತದೆ.

ಘಟ್ಟದಮೆಣಸು:

ನಾನು ತೀರ್ಥಹಳ್ಳಿ ಕಡೆಯವನು. ಇದೇ ಮ್ಯೂಸಿಯಂನ ಇನ್ನೊಂದು ಚಿತ್ರ ಆನ್‌ಲೈನ್‌ನಲ್ಲಿ ನೋಡಿದೆ. ಪೀಟರ್ ಕ್ಲಾಸ್ 1627ರಲ್ಲಿ ಬರೆದದ್ದು. ಟರ್ಕಿ ಕೋಳಿಯ ಪೈ, ಸಿಂಪಿ, ನಿಂಬೆ. ಮೇಜಿನ ಮೇಲೆ ಹಳೇ ಪಂಚಾಂಗದ ಹಾಳೆ ಹರಿದು ಸುತ್ತಿದ ಒಂದು ಪೊಟ್ಟಣ, ಅದರಲ್ಲಿ ಮೆಣಸು. ಮನುಷ್ಯರಿಲ್ಲದ ಚಿತ್ರ, ಈ ಚರ್ಚೆಗೆ ಸ್ವಲ್ಪ ಹೊರಗಿನದು, ಗೊತ್ತು. ಆದರೂ ನಮ್ಮ ಘಟ್ಟದ ಮೆಣಸು ಅಲ್ಲಿ ಕೂತಿದೆ ಅಂತ ಹೆಮ್ಮೆ ಪಡಬಹುದಲ್ವಾ?

ದಫ್ತರದಹುಳು:

ಹೆಮ್ಮೆಗೆ ಸ್ವಲ್ಪ ತಡೆಯಿರಿ. 1627ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಮೆಣಸು ಬರುತ್ತಿದ್ದದ್ದು ಹೆಚ್ಚಾಗಿ ಸುಮಾತ್ರಾ, ಜಾವಾ ಕಡೆಯಿಂದ. ನಮ್ಮ ಕರಾವಳಿಯ ಸಮುದ್ರ ವ್ಯಾಪಾರ ಆಗ ಹೆಚ್ಚಾಗಿ ಪೋರ್ಚುಗೀಸರ ಹಿಡಿತದಲ್ಲಿತ್ತು. ಡಚ್ಚರು ಕೊಚ್ಚಿ ಹಿಡಿದದ್ದು 1663ರಲ್ಲಿ. ಅದಾದ ಮೇಲೆ ಕೆಳದಿ ನಾಯಕರ ಸೀಮೆಯ ಬಸ್ರೂರಿನಲ್ಲಿ ಅವರ ವ್ಯಾಪಾರ ಕೋಠಿ ಬಂತು. ಅಲ್ಲಿಂದ ಅಕ್ಕಿ, ಮೆಣಸು ಹೋಗುತ್ತಿತ್ತು. ಹಾಗಾಗಿ ಸ್ಟೇನ್‌ನ ಕೊನೆಗಾಲದ ಚಿತ್ರಗಳ ಅಡುಗೆಯಲ್ಲಿ ನಿಮ್ಮ ಮೆಣಸು ಇದ್ದರೂ ಇರಬಹುದು.

ಇದರಿಂದ ನನಗೆ ಕಾಣುವುದು ಇನ್ನೊಂದು. ಮೇಜಿನ ಮೇಲೆ ತುರ್ಕಿಯ ಕಂಬಳಿ, ಕಪಾಟಿನ ಮೇಲೆ ಚೀನಾದ ಪಿಂಗಾಣಿ, ಲೋಟದಲ್ಲಿ ಫ್ರಾನ್ಸಿನ ವೈನ್, ಪೈಪಿನಲ್ಲಿ ಅಮೆರಿಕದ ಹೊಗೆಸೊಪ್ಪು, ಗೋಡೆ ಮೇಲೆ ನಕ್ಷೆ. ಮನೆಯೊಳಗೆ ಜಗತ್ತೇ ಬಂದು ಕೂತಿದೆ. ಆದರೆ ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ ಜಾಯಿಕಾಯಿಗಾಗಿ 1621ರಲ್ಲಿ ಕಂಪನಿ ನಡೆಸಿದ ಕೊಲೆಗಳು, ಗುಲಾಮರ ಹಡಗುಗಳು ಈ ಬೆಚ್ಚಗಿನ ಕೋಣೆಗಳಿಗೆ ಕಾಲಿಡುವುದಿಲ್ಲ. ಮಿತಿಮೀರಿ ಕುಡಿಯುವುದು, ತಿನ್ನುವುದು ಪಾಪ ಅಂತ ಸ್ಲೇಟಿನಲ್ಲಿ ಬರೆದವರಿಗೆ, ದುಡ್ಡು ಎಲ್ಲಿಂದ ಬಂತು ಅನ್ನೋದು ಬರೆಯುವ ವಿಷಯ ಅನ್ನಿಸಲಿಲ್ಲ.

ಘಟ್ಟದಮೆಣಸು:

ಬಸ್ರೂರು ಸಾಕು. ಅಷ್ಟಕ್ಕೇ ಖುಷಿ.

ಕುಂಚದಕಡ್ಡಿ:

ನೀತಿಪಾಠ ಹುಡುಕುವವರು ಎಷ್ಟು ದಾರಿ ತಪ್ಪಬಹುದು ಅನ್ನೋದಕ್ಕೆ ಗೆರಾರ್ಡ್ ಟೆರ್ ಬೋರ್ಕ್‌ನ 1654ರ ಆಸುಪಾಸಿನ ಚಿತ್ರ ನೋಡಿ. ಬಿಳಿ ಸ್ಯಾಟಿನ್ ಉಟ್ಟ ಹುಡುಗಿ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಸೈನಿಕನ ವೇಷದ ಗಂಡಸು ಕೂತು ಕೈ ಎತ್ತಿ ಏನೋ ಹೇಳುತ್ತಿದ್ದಾನೆ. ಪಕ್ಕದಲ್ಲಿ ಒಬ್ಬಳು ಹೆಂಗಸು ತಲೆ ತಗ್ಗಿಸಿ ವೈನ್ ಕುಡಿಯುತ್ತಿದ್ದಾಳೆ. 18ನೇ ಶತಮಾನದಲ್ಲಿ ಇದರ ಅಚ್ಚು ತೆಗೆದವನು ತಂದೆ ಮಗಳಿಗೆ ಹೇಳುವ ಬುದ್ಧಿಮಾತು ಅಂತ ಹೆಸರಿಟ್ಟ. ಜರ್ಮನ್ ಕವಿ ಗಯಟೆ 1809ರ ತನ್ನ ಕಾದಂಬರಿಯಲ್ಲಿ ಹಾಗೇ ನಂಬಿ ವರ್ಣಿಸಿದ. ಅಮ್ಮ ಮುಜುಗರ ಮುಚ್ಚಿಕೊಳ್ಳಲು ಲೋಟದೊಳಗೆ ನೋಡುತ್ತಿದ್ದಾಳಂತೆ!

ಈಗ ನೋಡುವವರು ಹೇಳುವುದೇ ಬೇರೆ. ಆ ಗಂಡಸು ಅಪ್ಪನಾಗುವ ವಯಸ್ಸಿನವನಲ್ಲ. ಹಿಂದೆ ಪರದೆ ಹಾಕಿದ ಮಂಚ ಇದೆ. ಎತ್ತಿದ ಕೈಯಲ್ಲಿ ನಾಣ್ಯ ಇತ್ತು ಅನ್ನುವವರೂ ಇದ್ದಾರೆ. ಹಾಗಿದ್ದರೆ ಇದು ಸೂಳೆಮನೆ, ಆ ಅಮ್ಮ ತಲೆಹಿಡುಕಿ. ಮದುವೆಯ ಪ್ರಸ್ತಾಪ ಅನ್ನುವವರ ಗುಂಪೂ ಇದೆ. ಟೆರ್ ಬೋರ್ಕ್ ಹುಡುಗಿಯ ಮುಖವನ್ನೇ ತೋರಿಸಲಿಲ್ಲ. ಅವಳೇನು ಅಂದಳು ಅನ್ನೋದನ್ನು ಬೇಕಂತಲೇ ಮುಚ್ಚಿಟ್ಟ. ಕೊಂಡವನ ಮನೆಯಲ್ಲಿ ಸಂಜೆಯೆಲ್ಲ ಮಾತಾಡೋಕೆ ಅದೇ ವಿಷಯ. ಸುಮ್ನೆಬಂದೆ ಅವರು ಹೇಳಿದ್ದು ಇಂಥ ಚಿತ್ರಕ್ಕೆ ಸರಿ.

ಮುಸುರೆಪಾತ್ರೆ:

ಹುಡುಗಿ ಏನಂದಳು ಅಂತ ತೋರಿಸಿದವಳೂ ಒಬ್ಬಳಿದ್ದಾಳೆ. ಯೂಡಿತ್ ಲೈಸ್ಟರ್. ಹಾರ್ಲೆಮ್ ಊರಿನವಳು, ಅಲ್ಲಿನ ಚಿತ್ರಕಾರರ ಸಂಘಕ್ಕೆ 1633ರಲ್ಲಿ ಸೇರಿದಳು. ತನ್ನ ಶಿಷ್ಯನೊಬ್ಬ ಬಿಟ್ಟು ದೊಡ್ಡ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಹತ್ತಿರ ಹೋದಾಗ ಹಾಲ್ಸ್ ವಿರುದ್ಧ ಸಂಘಕ್ಕೆ ದೂರು ಕೊಟ್ಟ ಗಟ್ಟಿಗಿತ್ತಿ.

1631ರಲ್ಲಿ ಬರೆದ ಅವಳ ಚಿತ್ರ ಮೌರಿಟ್ಸ್‌ಹೌಸ್‌ನಲ್ಲಿದೆ. ಒಂದು ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ರಾತ್ರಿ, ಒಂದು ದೀಪ. ಹುಡುಗಿ ಕೂತು ಬಟ್ಟೆ ಹೊಲಿಯುತ್ತಿದ್ದಾಳೆ. ಕಾಲಡಿ ಕೆಂಡದ ಪೆಟ್ಟಿಗೆ. ತುಪ್ಪಳದ ಟೋಪಿಯ ಗಂಡಸು ಅವಳ ಮೈಮೇಲೆ ಬಾಗಿ, ಭುಜದ ಮೇಲೆ ಕೈಯಿಟ್ಟು, ಇನ್ನೊಂದು ಅಂಗೈಯಲ್ಲಿ ನಾಣ್ಯ ಹಿಡಿದು ತೋರಿಸುತ್ತಿದ್ದಾನೆ. ಅವಳು ತಲೆ ಎತ್ತಿಲ್ಲ. ಸೂಜಿಯ ಮೇಲಿನ ಕಣ್ಣು ಕದಲಿಲ್ಲ. ಇದೇ ವಿಷಯವನ್ನು ಬೇರೆ ಚಿತ್ರಕಾರರು ಬರೆದಾಗ ಹೆಂಗಸು ನಗುತ್ತಾಳೆ, ಲೋಟ ಎತ್ತುತ್ತಾಳೆ, ಕೈ ಚಾಚುತ್ತಾಳೆ. ಇವಳು ಹೊಲಿಯುತ್ತಾಳೆ. ಇದನ್ನು ಬರೆದಾಗ ಲೈಸ್ಟರ್‌ಗೆ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ.

ಸತ್ತ ಮೇಲೆ ಅವಳ ಹೆಸರೇ ಅಳಿಸಿಹೋಯಿತು. ಕೆಲವು ಚಿತ್ರಗಳು ಹಾಲ್ಸ್ ಹೆಸರಲ್ಲಿ ಮಾರಾಟವಾದವು. ಸಹಿಯಲ್ಲಿ ಅವಳು ಹಾಕುತ್ತಿದ್ದ ನಕ್ಷತ್ರದ ಗುರುತು ಹಿಡಿದು, ಇದು ಹಾಲ್ಸ್ ಅಲ್ಲ ಅಂತ ಒಬ್ಬ ವಿದ್ವಾಂಸ ತೋರಿಸಿದ್ದು 1893ರಲ್ಲಿ.

ಸುಮ್ನೆಬಂದೆ:

ಇದು ನೋಡಬೇಕು. ಹಳ್ಳಿಯವರ ಚಿತ್ರಗಳೂ ಇವೆಯಲ್ಲ, ಕುಡಿದು ಹೊಡೆದಾಡೋದು? ಅವುಗಳ ಬಗ್ಗೆ ಯಾರೂ ಹೇಳಲಿಲ್ಲ.

ಕಿಟಕಿಪಕ್ಕದವ:

ಅವು ಊರಿನವರು ಹಳ್ಳಿಯವರನ್ನು ನೋಡಿ ನಗೋಕೆ ಕೊಂಡ ಚಿತ್ರಗಳು. ಇಸ್ಪೀಟು, ಚಾಕು, ವಾಂತಿ. ಹಾರ್ಲೆಮ್‌ನ ಆಡ್ರಿಯಾನ್ ವಾನ್ ಒಸ್ತಾಡೆ ಒಬ್ಬನನ್ನೇ ನೋಡಿದರೂ ಕಾಲ ಬದಲಾದದ್ದು ಗೊತ್ತಾಗುತ್ತದೆ. 1630ರ ದಶಕದಲ್ಲಿ ಅವನ ರೈತರು ಕತ್ತಲೆ ಕೊಟ್ಟಿಗೆಯಲ್ಲಿ ಮೃಗಗಳ ಹಾಗೆ ಕಿತ್ತಾಡುತ್ತಾರೆ. ವಯಸ್ಸಾದ ಮೇಲೆ ಬರೆದ ರೈತರು ಬಾಗಿಲಲ್ಲಿ ಬಿಸಿಲಿಗೆ ಕೂತು ಮಗು ಆಡಿಸುತ್ತಾರೆ. ಕೊಳ್ಳುವವರ ರುಚಿ ನಯವಾಯಿತು, ರೈತರೂ ನಯವಾದರು.

ದಫ್ತರದಹುಳು:

ಆಮೇಲೆ ರುಚಿ ಮಾತ್ರ ಅಲ್ಲ, ದುಡ್ಡೇ ನಿಂತಿತು. 1672ರಲ್ಲಿ ಫ್ರಾನ್ಸ್, ಇಂಗ್ಲೆಂಡ್, ಎರಡು ಜರ್ಮನ್ ಬಿಷಪ್‌ಗಳು ಒಟ್ಟಿಗೆ ಮುಗಿಬಿದ್ದರು. ಶತ್ರು ಬರದಂತೆ ಡಚ್ಚರು ತಮ್ಮ ಹೊಲಗಳನ್ನೇ ನೀರಲ್ಲಿ ಮುಳುಗಿಸಿದರು. ಅಂಗಡಿ ಮುಚ್ಚಿದವು, ಚಿತ್ರ ಕೊಳ್ಳುವವರು ಇಲ್ಲ. ವರ್ಮೀರ್ 1675ರಲ್ಲಿ ತೀರಿಕೊಂಡ. ಯುದ್ಧ ಶುರುವಾದ ಮೇಲೆ ಏನೂ ಮಾರಾಟವಾಗದೆ ಅವನು ಕುಸಿದುಹೋದ, ಚೆನ್ನಾಗಿದ್ದವನು ಒಂದೂವರೆ ದಿನದಲ್ಲಿ ಸತ್ತ ಅಂತ ಕ್ಯಾಥರಿನಾ ಸಾಲಗಾರರ ವಿಷಯಕ್ಕೆ ಕೊಟ್ಟ ಅರ್ಜಿಯಲ್ಲಿದೆ. ಬೇಕರಿಯ ಹೆಂಡ್ರಿಕ್ ವಾನ್ ಬೈಟೆನ್‌ಗೆ ಬ್ರೆಡ್ಡಿನ ಬಾಕಿಯೇ 617 ಗಿಲ್ಡರ್. ಅದಕ್ಕೆ ಅವನು ಎರಡು ಚಿತ್ರ ಇಟ್ಟುಕೊಂಡ. ಹಾಲಿನವಳ ಚಿತ್ರ 1696ರ ಹರಾಜಿನಲ್ಲಿ 175 ಗಿಲ್ಡರ್‌ಗೆ ಹೋಯಿತು.

ಸುಮ್ನೆಬಂದೆ:

ಮುಂದಿನ ತಿಂಗಳು ಕೆಲಸದ ಮೇಲೆ ಹೇಗ್‌ಗೆ ಬರುತ್ತಿದ್ದೇನೆ. ಒಂದು ಮಧ್ಯಾಹ್ನ ಮಾತ್ರ ಬಿಡುವು. ಆಮ್‌ಸ್ಟರ್‌ಡಾಮ್‌ಗೆ ಓಡಲಾ, ಅಲ್ಲೇ ಇರಲಾ?

ಕಿಟಕಿಪಕ್ಕದವ:

ಅಲ್ಲೇ ಇರಿ. ಮೌರಿಟ್ಸ್‌ಹೌಸ್ ಸಣ್ಣ ಅರಮನೆ, ಕಾಲು ನೋಯುವಷ್ಟು ದೊಡ್ಡದಲ್ಲ. ಎಲ್ಲರೂ ಮುತ್ತಿನೋಲೆಯ ಹುಡುಗಿ ಹತ್ತಿರ ಗುಂಪು ಕಟ್ಟುತ್ತಾರೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಸ್ಟೇನ್‌ನ ಹಾಡುವ ಸಂಸಾರ, ಆಮೇಲೆ ಅವನದೇ ಸಿಂಪಿ ತಿನ್ನುವ ಹುಡುಗಿ. ಅದು ಅಂಗೈಯಷ್ಟಗಲ, ಹುಡುಕಬೇಕು. ಟೆರ್ ಬೋರ್ಕ್‌ನ ಹೇನು ಹೆಕ್ಕುವ ತಾಯಿಯೂ ಅಲ್ಲೇ ಇದ್ದಾಳೆ. ಲೈಸ್ಟರ್ ಹೊರಗೆ ಸಾಲಕ್ಕೆ ಹೋಗಿಲ್ಲ ಅಂತ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಿ. ರೈಕ್ಸ್ ಮ್ಯೂಸಿಯಂ ಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು. ಅವರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಇವೆ, ಗೋಡೆಯ ಮೊಳೆ ಕಾಣುವಷ್ಟು ದೊಡ್ಡದಾಗಿ.

ಮುಸುರೆಪಾತ್ರೆ:

ಲೈಸ್ಟರ್ ನೋಡಿ ಬಂದ ಮೇಲೆ ಇಲ್ಲೇ ಬರೆಯಿರಿ. ಅವಳು ಬೇಡ ಅಂದಳು ಅಂತ ನಾನು, ಇನ್ನೂ ಯೋಚಿಸುತ್ತಿದ್ದಾಳೆ ಅಂತ ನನ್ನ ಗಂಡ. ಮೂರನೆಯವರು ಬೇಕು.